ನೀಲಿಯ ಹೊಲಿಗೆ

ಮೂರು ವಾರದಿಂದ ಮೀಟಿಂಗಿಗೆ ಬಂದಿಲ್ಲ, ಫೋನೂ ಎತ್ತಲ್ಲ ಅಂತ ಸಂಗಾತಿಗಳು ಬೈತಿದ್ದೀರಿ. ಕಾರಣ ಹೇಳಿದ್ರೆ ನಗ್ತೀರೇನೋ. ಮನೇಲಿ ಬೆಕ್ಕಿನ ಮರಿಗೆ ಆಪರೇಷನ್ ಆಗಿತ್ತು, ಅದನ್ನ ನೋಡ್ಕೊಳ್ತಿದ್ದೆ.

ನೀಲಿಗೆ ಆರು ತಿಂಗಳು. ಸೋಮವಾರಪೇಟೆ ಸಂತೆ ಮುಗಿದ ಮೇಲೆ ಕೊಳೆತ ಎಲೆಕೋಸಿನ ರಾಶಿ ಪಕ್ಕ ಸಿಕ್ಕಿದ್ದು. ಬೂದಿ ಬಣ್ಣ, ಮಳೆಗಾಲದ ಬೆಳಕಲ್ಲಿ ನೀಲಿ ಥರ ಕಾಣುತ್ತೆ. ಹೆಸರಿಗೆ ಇನ್ನೊಂದು ಕಾರಣವೂ ಇದೆ, ಅದನ್ನ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮರಿ ಹಾಕೋದು, ಆಮೇಲೆ ಆ ಮರಿಗಳನ್ನ ಯಾರೋ ಚೀಲದಲ್ಲಿ ಕಟ್ಟಿ ತೋಟದ ಬದಿಗೆ ಎಸೆಯೋದು ಬೇಡ ಅಂತ ಸಂತಾನಹರಣದ ಆಪರೇಷನ್ ಮಾಡಿಸೋಣ ಅಂದ್ಕೊಂಡೆ. ಒಂದು ಖಾಸಗಿ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ಯಾವ ಊರು, ಯಾವ ಡಾಕ್ಟ್ರು ಅಂತ ಇಲ್ಲಿ ಹಾಕಲ್ಲ. ಬರೀಬೇಕಾದ ಕಡೆ ಬರೆದಿದ್ದೀನಿ.

ನನಗಿಂತ ಮುಂಚೆ ಒಬ್ಬ ಎಸ್ಟೇಟ್ ಸಾಹುಕಾರ್ರು ಲ್ಯಾಬ್ರಡಾರ್ ನಾಯಿ ತಂದಿದ್ರು. ಡಾಕ್ಟ್ರು ಅವರಿಗೆ 'ಸರ್, ನೀವು ಹೀಗೆ ಮಾಡಿ' ಅಂತ ನಾಯಿಗೆ ಏನು ಹಾಕ್ಬೇಕು, ಎಷ್ಟು ಹಾಕ್ಬೇಕು ಎಲ್ಲಾ ಬಿಡಿಸಿ ಹೇಳಿದ್ರು. ಒಂದು ಕಾಗದದಲ್ಲಿ ಬರೆದೂ ಕೊಟ್ರು. ನನ್ನ ಸರದಿ ಬಂತು. 'ಏನಮ್ಮಾ, ಬೆಕ್ಕು ತಂದ್ಯಾ? ಅಲ್ಲಿಡು. ಯಾವೂರು ನಿಂದು?' ಊರು ಹೇಳಿದೆ. 'ಊರಲ್ಲಿ ಯಾವ ಕಡೆ?' ಅದನ್ನೂ ಹೇಳಿದೆ.

ನನಗೆ ನಲವತ್ತಾಗ್ತಾ ಬಂತು ಗೆಳೆಯರೇ. ಆ ಡಾಕ್ಟ್ರು ನನಗಿಂತ ಚಿಕ್ಕೋರು.

ಸಂಜೆ ಬುಟ್ಟಿ ತಂದು ಕೈಗೆ ಕೊಟ್ಟಿದ್ದು ಕಾಂಪೌಂಡರ್. ಡಾಕ್ಟ್ರು ಹೊರಗೇ ಬರಲಿಲ್ಲ. ಊಟ ಏನು ಕೊಡ್ಬೇಕು, ಗಾಯಕ್ಕೆ ಏನು ಹಚ್ಬೇಕು ಅಂತ ಕೇಳಿದೆ. 'ಏನೂ ಬೇಡ, ಬೆಕ್ಕಲ್ವಾ, ನೆಕ್ಕಿ ನೆಕ್ಕಿ ತಾನೇ ವಾಸಿ ಮಾಡ್ಕೊಳ್ಳುತ್ತೆ' ಅಂದ್ರು. ಚೀಟಿಯಲ್ಲಿ ಎರಡು ಔಷಧಿ ಹೆಸರು, ಕೆಳಗೆ 4,000 ರೂಪಾಯಿ. ಅವ್ವ ತೋಟದಲ್ಲಿ ಎಷ್ಟು ದಿನ ಬಗ್ಗಿ ದುಡಿದ್ರೆ ಅಷ್ಟು ದುಡ್ಡು ಅಂತ ಬಸ್ಸಲ್ಲಿ ಲೆಕ್ಕ ಹಾಕ್ತಾ ಬಂದೆ.

ಮನೆಗೆ ಬರೋಷ್ಟ್ರಲ್ಲಿ ನೀಲಿಯ ಕಿವಿ ತಣ್ಣಗಾಗಿತ್ತು. ಕಣ್ಣು ತೆರೆದೇ ಇದೆ, ರೆಪ್ಪೆ ಬಡಿತಿಲ್ಲ. ಸತ್ತೇ ಹೋಯ್ತು ಅಂದ್ಕೊಂಡೆ. ಅವ್ವ ಮಾತಾಡದೆ ಒಲೆ ಹತ್ರ ಗೋಣಿತಾಟು ಹಾಸಿ, ಬಾಟಲಿಗೆ ಬಿಸಿನೀರು ತುಂಬಿ, ಹಳೇ ಸೀರೆ ಸುತ್ತಿ ಅದರ ಪಕ್ಕ ಮಲಗಿಸಿದಳು. ಅರಿವಳಿಕೆ ಕೊಟ್ಟ ಮೇಲೆ ಮೈ ತಣ್ಣಗಾಗುತ್ತೆ, ಬೆಚ್ಚಗಿಡೋದೇ ಮೊದಲ ಕೆಲಸ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಅವ್ವನಿಗೆ ಯಾರೂ ಹೇಳಿರಲಿಲ್ಲ.

ಎರಡನೇ ದಿನ ನಾನು ಮಡಿಕೇರಿಗೆ ಮೀಟಿಂಗಿಗೆ ಹೋದೆ. ಇದನ್ನ ಮುಚ್ಚಿಡಲ್ಲ. 'ನೆಕ್ಕಿ ವಾಸಿ ಮಾಡ್ಕೊಳ್ಳುತ್ತೆ' ಅಂದಿದ್ದನ್ನ ನಂಬಿಕೊಂಡು ಹೋದೆ. ಮೂರನೇ ದಿನ ಬೆಳಿಗ್ಗೆ ನೋಡಿದ್ರೆ ಎರಡು ಹೊಲಿಗೆ ಕಿತ್ತು ಹೋಗಿ ಒಳಗಿನ ಕೆಂಪು ಕಾಣ್ತಿತ್ತು. ಕ್ಲಿನಿಕ್ಕಿಗೆ ಫೋನ್ ಮೇಲೆ ಫೋನ್ ಮಾಡಿದೆ, ಎತ್ತಲಿಲ್ಲ. ಮಳೆಯಲ್ಲೇ ಮತ್ತೆ ಹೊತ್ಕೊಂಡು ಹೋದೆ. ಡಾಕ್ಟ್ರು ನೋಡಿದವರೇ, 'ನಿಮ್ಮ ಕಡೆ ಮನೆಗಳು ಹೆಂಗಿರ್ತವೆ ಅಂತ ಗೊತ್ತಲ್ಲ. ಕ್ಲೀನಾಗಿ ಇಟ್ಕೊಳ್ಳೋಕೆ ಆಗಲ್ಲ ಅಂದ್ರೆ ಯಾಕಮ್ಮಾ ಸಾಕ್ತೀಯಾ?' ಅಂದ್ರು. ಮತ್ತೆ ಹೊಲಿಗೆ, ಮತ್ತೆ ದುಡ್ಡು. ಎದುರು ಮಾತಾಡಲಿಲ್ಲ. ಡಿಸಿ ಆಫೀಸಿನ ಮುಂದೆ ಮೈಕ್ ಹಿಡಿದು ಕೂಗೋ ನಾನು ಅಲ್ಲಿ ಬಾಯಿ ಮುಚ್ಕೊಂಡು ನಿಂತಿದ್ದೆ. ಮರಿ ಅವರ ಕೈಯಲ್ಲಿತ್ತಲ್ಲ.

ಜಾತಿಯೇ ಕಾರಣ ಅಂತ ಪ್ರಮಾಣ ಮಾಡಿ ಹೇಳಲ್ಲ. ಅವರು ಜಾತಿ ಕೇಳಲಿಲ್ಲ. ಊರು ಕೇಳಿದ್ರು, ಊರಲ್ಲಿ ಯಾವ ಕಡೆ ಅಂತ ಕೇಳಿದ್ರು. ನಮ್ಮ ಸೀಮೆಯಲ್ಲಿ ಅಷ್ಟು ಸಾಕು.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಕಾಠಿಯಾವಾಡದ ಆ ಮೇಷ್ಟ್ರು ನೆನಪಿರಬೇಕು. 1929ರ ಡಿಸೆಂಬರಿನಲ್ಲಿ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬಂದ ಅವರ ಪತ್ರವನ್ನ ಬಾಬಾಸಾಹೇಬರು ಅದರಲ್ಲಿ ಎತ್ತಿ ಹೇಳ್ತಾರೆ. ಆಗಷ್ಟೇ ಹೆತ್ತಿದ್ದ ಹೆಂಡತಿಗೆ ಕಾಯಿಲೆ. ಡಾಕ್ಟ್ರು ಕೇರಿಯೊಳಗೆ ಕಾಲಿಡಲ್ಲ ಅಂದ್ರು, ಬಾಣಂತಿಯನ್ನೇ ಕೇರಿಯ ಹೊರಗೆ ತಂದ್ರು. ಡಾಕ್ಟ್ರು ಥರ್ಮಾಮೀಟರನ್ನ ಒಬ್ಬ ಮುಸ್ಲಿಮರ ಕೈಗೆ ಕೊಟ್ರು, ಅವರು ಗಂಡನ ಕೈಗೆ, ಗಂಡ ಹೆಂಡತಿಗೆ. ವಾಪಸ್ಸು ಹೋಗಿದ್ದೂ ಹಾಗೇ. ಆ ತಾಯಿ ಉಳೀಲಿಲ್ಲ. ಬೆಕ್ಕಿನ ಮರಿಯ ಕತೆಯನ್ನ ಅದರ ಪಕ್ಕ ಇಡ್ತಿಲ್ಲ, ಆ ಸಾವಿಗೆ ಇದು ಸಮ ಅಲ್ಲ. ಆದ್ರೆ ಕಾಂಪೌಂಡರ್ ಕೈಯಿಂದ ಬುಟ್ಟಿ ಇಸ್ಕೊಳ್ಳುವಾಗ ನನಗೆ ಆ ಥರ್ಮಾಮೀಟರ್ ನೆನಪಾಗಿದ್ದು ಸುಳ್ಳಲ್ಲ. ಔಷಧಿ ನಮಗೂ ಸಿಗುತ್ತೆ ಈಗ, ದುಡ್ಡು ಕೊಟ್ರೆ. ಜೊತೆಗೆ ಬರಬೇಕಾದ ಮಾತು ಸಾಹುಕಾರ್ರಿಗೆ ಸಿಕ್ಕಿತು, ನನಗೆ ಸಿಗಲಿಲ್ಲ.

ಆ ಮಾತು ನನಗೆ ಕೊನೆಗೂ ಸಿಕ್ಕಿದ್ದು ಹಾಸನದ ಪಶುವೈದ್ಯಕೀಯ ಕಾಲೇಜಲ್ಲಿ ಓದ್ತಿರೋ ನಮ್ಮ ಹುಡುಗಿಯಿಂದ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅರ್ಧ ಗಂಟೆ ಹೇಳಿದಳು. ಅಕ್ಕಾ, ನೆಕ್ಕೋಕೆ ಬಿಡಲೇಬೇಡಿ, ಬೆಕ್ಕಿನ ನಾಲಿಗೆ ಅರದ ಥರ, ಹೊಲಿಗೆ ಬಿಚ್ಚೋದೇ ಅದರಿಂದ. ಡೆಟಾಲ್ ಹಚ್ಬೇಡಿ, ಬೆಕ್ಕಿಗೆ ವಿಷ. ಜ್ವರ ಇದೆ ಅಂತ ಪ್ಯಾರಾಸಿಟಮಾಲ್ ಅಂತೂ ಕೊಡಲೇಬೇಡಿ, ಒಂದು ಮಾತ್ರೆಗೇ ಸತ್ತು ಹೋಗುತ್ತೆ. (ಪಕ್ಕದ ಮನೆ ಚಿಕ್ಕಮ್ಮ ಅರ್ಧ ಮಾತ್ರೆ ಮುರಿದು ಕೈಯಲ್ಲಿ ಹಿಡ್ಕೊಂಡೇ ನಿಂತಿದ್ರು!) ಎತ್ತರಕ್ಕೆ ಹಾರೋಕೆ ಬಿಡ್ಬೇಡಿ, ದಿನಾ ಎರಡು ಸಲ ಗಾಯ ನೋಡಿ, ಊತ, ಕೀವು, ವಾಸನೆ ಇದ್ರೆ ತಕ್ಷಣ ತೋರಿಸಿ. ಮೀಸಲಾತಿ ಇನ್ನೂ ಎಷ್ಟು ವರ್ಷ ಅಂತ ಕೇಳೋರು ಆ ಅರ್ಧ ಗಂಟೆ ಕೇಳಿಸ್ಕೊಳ್ಳಬೇಕಿತ್ತು.

ಅಪ್ಪನ ಹಳೇ ಎಕ್ಸ್‌ರೇ ಫಿಲ್ಮ್ ಕತ್ತರಿಸಿ, ಅಂಚಿಗೆ ಬಟ್ಟೆ ಹೊಲಿದು ಕೊರಳಿಗೆ ಕಾಲರ್ ಮಾಡಿದ್ವಿ. ಅಪ್ಪನ ಪಕ್ಕೆಲುಬು ಕೊರಳಿಗೆ ಹಾಕ್ಕೊಂಡು ನೀಲಿ ಗೋಡೆಗೆ ಡಿಕ್ಕಿ ಹೊಡೀತಾ ಓಡಾಡ್ತಿತ್ತು. ಕಾಲರ್ ಹಾಕಿದ್ರೆ ತಟ್ಟೆಗೆ ಬಾಯಿ ಹಾಕೋಕೆ ಆಗಲ್ಲ, ಅದಕ್ಕೆ ಬೆರಳಲ್ಲೇ ತಿನ್ನಿಸಬೇಕು. ಆ ಕೆಲಸ ಅಪ್ಪ ತಗೊಂಡ್ರು. ಮೀನು ಬೇಯಿಸಿ, ಮುಳ್ಳು ಬಿಡಿಸಿ, ಚೂರು ಚೂರೇ ತಿನ್ನಿಸೋರು. ಅಪ್ಪ ವಯಸ್ಸಲ್ಲಿದ್ದಾಗ ಊರಲ್ಲಿ ದನ ಸತ್ರೆ ಹೊರೋಕೆ ಅವರನ್ನ ಕರೀತಿದ್ರು. ಕೊಟ್ಟಿಗೆ ಹಿಂದಿನ ಬಾಗಿಲಿಂದ ಬರಬೇಕು, ಎಳ್ಕೊಂಡು ಹೋಗಬೇಕು. 'ಕಾಯಿಲೆ ಬಿದ್ದ ದನದ ಮೈ ಮುಟ್ಟೋಕೆ ಒಂದಿನಾನೂ ಕರೀಲಿಲ್ಲ ನನ್ನ' ಅಂತ ಒಂದು ರಾತ್ರಿ ನೀಲಿಗೆ ತಿನ್ನಿಸ್ತಾ ಹೇಳಿದ್ರು. ನನಗೇನೂ ಹೇಳ್ತಿರಲಿಲ್ಲ, ಮರಿಗೆ ಹೇಳ್ತಿದ್ರು.

ಎರಡನೇ ಹೊಲಿಗೆ ಹಾಕಿ ಹನ್ನೆರಡು ದಿನಕ್ಕೆ ಬೇರೆ ಡಾಕ್ಟರ ಹತ್ರ ಹೋಗಿ ಬಿಚ್ಚಿಸಿದೆ. ಅವರು 'ಬನ್ನಿ, ಕೂತ್ಕೊಳ್ಳಿ' ಅಂದ್ರು. ಇಷ್ಟು ಸಣ್ಣ ಮಾತಿಗೆ ಕಣ್ಣಲ್ಲಿ ನೀರು ಬಂತಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ಪಶುವೈದ್ಯರಿಗೂ 1984ರ ಕಾಯ್ದೆ ಇದೆ, ರಾಜ್ಯದಲ್ಲಿ ಪಶುವೈದ್ಯ ಪರಿಷತ್ತು ಇದೆ, ಅಲ್ಲಿಗೆ ದೂರು ಕೊಡಬಹುದು. ಕೊಟ್ಟಿದ್ದೀನಿ. ಚೀಟಿ, ಎರಡು ರಸೀದಿ, ಕಿತ್ತ ಹೊಲಿಗೆಯ ಫೋಟೋ, ಫೋನ್ ಮಾಡಿದ ಹೊತ್ತು, ಎಲ್ಲಾ ಸೇರಿಸಿ ರಿಜಿಸ್ಟರ್ಡ್ ಪೋಸ್ಟ್. ನಿಮ್ಮಲ್ಲಿ ಯಾರಾದ್ರೂ ನಾಯಿ, ಬೆಕ್ಕಿಗೆ ಆಪರೇಷನ್ ಮಾಡಿಸೋದಿದ್ರೆ, ಮನೆಗೆ ಹೊರಡೋ ಮುಂಚೆ ಏನೇನು ಮಾಡ್ಬೇಕು ಅನ್ನೋದನ್ನ ಬರೆದು ಕೊಡಿ ಅಂತ ಕೇಳಿ. ಬರೆದು ಕೊಡೋವರೆಗೂ ಅಲ್ಲೇ ಕೂತಿರಿ.

ನಾಳೆಯಿಂದ ಫೋನ್ ಎತ್ತುತ್ತೀನಿ. ನೀಲಿ ಈಗ ಸೌದೆ ರಾಶಿ ಮೇಲೆ ಹತ್ತಿ ಮಲಗಿದೆ. ಹೊಟ್ಟೆ ಮೇಲೆ ಕೂದಲು ಇನ್ನೂ ಪೂರ್ತಿ ಬಂದಿಲ್ಲ.

ಜೈ ಭೀಮ್.