ನಮ್ಮದೇ ಲೆಕ್ಕದ ಪುಸ್ತಕ

ಅಂಗಡಿ ಮುಚ್ಚಿದ್ದೇಕೆ ಎಂದು ಕೇಳಿದವರಿಗೆಲ್ಲ ನಾವು ಲಾಕ್‌ಡೌನ್ ಎಂದೇ ಹೇಳುತ್ತಿದ್ದೆವು. ಅದು ಸುಳ್ಳು. ಲಾಕ್‌ಡೌನ್ ಬಂದದ್ದು 2020ರ ಮಾರ್ಚ್ ಕೊನೆಗೆ. ನಮ್ಮ ಮಿನಿ ಸೂಪರ್ ಮಾರ್ಕೆಟಿನ ಶಟರ್ ಅದಕ್ಕೂ ಒಂದು ತಿಂಗಳು ಮೊದಲೇ ಇಳಿದಿತ್ತು. ಈ ಸುಳ್ಳನ್ನು ನಮ್ಮ ನಮ್ಮಲ್ಲೇ ಒಪ್ಪಿಕೊಳ್ಳಲು ಮೂರು ತಿಂಗಳು ಹಿಡಿಯಿತು.

ನಾವು ಮೂವರು, ಕರಾವಳಿಯ ಒಂದೇ ಊರಿನವರು. ಸೌದಿಯ ಜುಬೈಲಿನಲ್ಲಿ ಒಬ್ಬ ಲೆಕ್ಕ ಬರೆಯುತ್ತಿದ್ದ, ಇನ್ನೊಬ್ಬ ದೊಡ್ಡ ಕಟ್ಟಡಗಳ ಎಸಿ ಚಿಲ್ಲರ್ ನೋಡಿಕೊಳ್ಳುತ್ತಿದ್ದ, ಮೂರನೆಯವನು ಕಂಪೆನಿಯ ನಕ್ಷೆ, ಕಾಗದಪತ್ರಗಳನ್ನು ಕಾಯುವ ಡಾಕ್ಯುಮೆಂಟ್ ಕಂಟ್ರೋಲರ್. 2017ರ ಜುಲೈಯಲ್ಲಿ ಅಲ್ಲಿ ಕುಟುಂಬದ ಪ್ರತಿ ಸದಸ್ಯನಿಗೂ ತಿಂಗಳಿಗೆ ನೂರು ರಿಯಾಲ್ ಶುಲ್ಕ ಬಂತು. ಮುಂದಿನ ವರ್ಷ ಅದು ಇನ್ನೂರಾಯಿತು. ಹೆಂಡತಿ, ಮೂರು ಮಕ್ಕಳಿದ್ದವನಿಗೆ ತಿಂಗಳಿಗೆ ಎಂಟುನೂರು. 2018ರಲ್ಲಿ ಒಬ್ಬರ ಹಿಂದೆ ಒಬ್ಬರು ಊರಿಗೆ ಬಂದೆವು.

ಗಲ್ಫಿನಿಂದ ಬಂದವನ ಕೈಯಲ್ಲಿ ದುಡ್ಡಿದೆ ಎಂದು ಊರಿಗೆ ಗೊತ್ತು. ಅವನಿಗೆ ಏನು ಬರುತ್ತದೆ ಎಂದು ಊರೂ ಕೇಳುವುದಿಲ್ಲ, ಅವನೂ ಕೇಳಿಕೊಳ್ಳುವುದಿಲ್ಲ. ಎಲ್ಲರೂ ಹೇಳಿದ್ದು ಎರಡೇ: ಹೋಟೆಲು ಇಲ್ಲವೇ ಸೂಪರ್ ಮಾರ್ಕೆಟು. ಮೂವರಿಗೂ ಅಡುಗೆ ಬಾರದು, ಹಾಗಾಗಿ ಸೂಪರ್ ಮಾರ್ಕೆಟ್ ಎಂದೆವು. ಅಷ್ಟು ಮಾತ್ರ ನಮ್ಮ ಯೋಜನೆ! ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಲಕ್ಷ ಹೋಯಿತು. ಒಬ್ಬನ ಮನೆಯಲ್ಲಿ ಮಗಳ ಮದುವೆಗೆಂದು ಇಟ್ಟಿದ್ದ ಚಿನ್ನ ಸೊಸೈಟಿಯಲ್ಲಿ ಅಡವು ಬಿತ್ತು.

ಆ ಮಗಳೇ ನಮ್ಮನ್ನು ಕೂರಿಸಿ ಬರೆಸಿದವಳು. ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದವಳು ಲಾಕ್‌ಡೌನಿನಲ್ಲಿ ಮನೆಯಲ್ಲಿದ್ದಳು. ಮೊದಲು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಅವರ ವಿಧಾನದ ಪ್ರಶ್ನಾವಳಿಯೊಂದನ್ನು ಮೊಬೈಲಿನಲ್ಲಿ ಕೊಟ್ಟಳು. ಅದು ಮನುಷ್ಯರ ಒಲವನ್ನು ಆರು ಬಗೆಯಾಗಿ ವಿಂಗಡಿಸುತ್ತದೆ. ಕೈಕೆಲಸದವರು, ಶೋಧಿಸುವವರು, ಕಲಾವಿದರು, ಜನರೊಡನೆ ಬೆರೆಯುವವರು, ಉದ್ಯಮಶೀಲರು, ಅಚ್ಚುಕಟ್ಟಿನ ಕಚೇರಿ ಕೆಲಸದವರು. ನಮ್ಮ ಚಿಲ್ಲರಿನವನು ಕಲಾವಿದ ಎಂದು ಬಂತು. ಬಿದ್ದು ಬಿದ್ದು ನಕ್ಕೆವು. 'ಹೊರಾಂಗಣದ ಕೆಲಸ ನಿಮಗೆ ಇಷ್ಟವೇ' ಎಂಬ ಪ್ರಶ್ನೆಗೆ, ನಲವತ್ತೆಂಟು ಡಿಗ್ರಿ ಬಿಸಿಲಲ್ಲಿ ಛಾವಣಿಯ ಮೇಲೆ ಬೆಂದವನು ಏನೆಂದು ಉತ್ತರಿಸಬೇಕು? ಇಷ್ಟ ಎಂಬ ಮಾತನ್ನು ಇಪ್ಪತ್ತು ವರ್ಷ ಯಾರೂ ನಮ್ಮನ್ನು ಕೇಳಿರಲಿಲ್ಲ.

ಅವಳು ಹೇಳಿದ ಎರಡನೆಯದು ನಮಗೆ ಹಿಡಿಸಿತು. ಪೀಟರ್ ಡ್ರಕರ್ ಎಂಬವರು 1999ರಲ್ಲಿ ಬರೆದ ಲೇಖನವೊಂದರಲ್ಲಿದೆಯಂತೆ: ಮುಖ್ಯವಾದ ನಿರ್ಧಾರ ಮಾಡಿದಾಗಲೆಲ್ಲ ಅದರಿಂದ ಏನಾಗುವುದೆಂದು ನಿರೀಕ್ಷಿಸುತ್ತೀರೋ ಬರೆದಿಡಿ, ಒಂಬತ್ತು ತಿಂಗಳೋ ವರ್ಷವೋ ಕಳೆದ ಮೇಲೆ ತೆರೆದು, ನಡೆದದ್ದರ ಜೊತೆ ಹೋಲಿಸಿ. ಇದು ತನ್ನ ಕಲ್ಪನೆಯಲ್ಲ, ಕ್ರೈಸ್ತ ಧರ್ಮಗುರುಗಳಾದ ಕ್ಯಾಲ್ವಿನ್ ಮತ್ತು ಲೊಯೋಲಾ ಬಳಸಿದ್ದು ಎಂದು ಅವರೇ ಹೇಳಿದ್ದಾರೆ. ಲೆಕ್ಕದವನ ತಂದೆ ಇದನ್ನು ಕೇಳಿ, "ಮಲಗುವ ಮೊದಲು ಮುಹಾಸಬಾ ಮಾಡಿಕೊಳ್ಳಿ ಎಂದು ಉಸ್ತಾದರು ಹೇಳಿದ್ದೂ ಇದನ್ನೇ ಅಲ್ಲವೇನೋ? ನೀವು ಮಾಡಲಿಲ್ಲ ಅಷ್ಟೆ" ಎಂದರು.

ನಾವು ಅದಕ್ಕೆ ನಮ್ಮದೊಂದು ಕ್ರಮ ಸೇರಿಸಿದೆವು. ತನಗೆ ಏನು ಬರುತ್ತದೆ, ಏನು ಬಾರದು ಎಂದು ಒಬ್ಬೊಬ್ಬನೂ ಹಾಳೆಯಲ್ಲಿ ಬರೆಯುವುದು, ಉಳಿದಿಬ್ಬರು ಅದನ್ನು ತಿದ್ದುವುದು. ಜಗಳವಾಗದೆ ಇರಲಿಲ್ಲ. ಲೆಕ್ಕದವನು ಟ್ಯಾಲಿ, ಎಕ್ಸೆಲ್, ಆಡಿಟ್ ಎಂದು ಬರೆದಿದ್ದ. 'ಉದ್ರಿ ವಸೂಲಿಗೆ ಬಾಯಿ ಬರುವುದಿಲ್ಲ' ಎಂದು ನಾವು ಕೆಳಗೆ ಬರೆದೆವು. ಅಂಗಡಿ ಮುಳುಗಿದ್ದು ಅಲ್ಲಿಯೇ. ಆದರೆ ಅವನು ಬರೆಯದ ಇನ್ನೊಂದನ್ನೂ ಸೇರಿಸಿದೆವು. ಕ್ಯಾಂಪಿನಲ್ಲಿ ಕೆಲಸ ಬಿಟ್ಟು ಹೊರಟವರೆಲ್ಲ ಅವನ ಕೋಣೆಗೆ ಬರುತ್ತಿದ್ದರು. ಮೊದಲ ಐದು ವರ್ಷಕ್ಕೆ ವರ್ಷವೊಂದರ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಪೂರ್ತಿ ತಿಂಗಳಿನದು ಎಂದು ಅಲ್ಲಿನ ಕಾನೂನಿನ ಲೆಕ್ಕವನ್ನು ಅವನು ಅಕ್ಷರ ಬಾರದವರಿಗೂ ತಿಳಿಯುವಂತೆ ಬೆರಳೆಣಿಸಿ ಹೇಳುತ್ತಿದ್ದ. "ಅದೆಲ್ಲ ಒಂದು ಕೆಲಸವೇ?" ಎಂದ.

ಅದೇ ಈಗ ಅವನ ಕೆಲಸ. ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುತ್ತಾನೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ, ನಿದ್ದೆಗೆಟ್ಟ ತರಕಾರಿಯವರು, ಬೇಕರಿಯವರು ಅವನ ಜಗಲಿಯಲ್ಲಿ ಕೂತಿದ್ದರು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ, ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ ನಲವತ್ತು ಲಕ್ಷ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದ. ಉದ್ರಿ ಕೇಳಲು ಮಾತ್ರ ಇನ್ನೂ ಬಾಯಿ ಬಂದಿಲ್ಲ. ತಿಂಗಳ ಫೀಸನ್ನು ಅವನ ಹೆಂಡತಿ ಫೋನ್ ಮಾಡಿ ವಸೂಲು ಮಾಡುತ್ತಾರೆ.

ಚಿಲ್ಲರಿನವನದು ಕಷ್ಟದ ಕತೆ. ಮನೆಮನೆಯ ಎಸಿ ರಿಪೇರಿ ತನ್ನ ಘನತೆಗೆ ಕಡಿಮೆ ಎಂದು ಕೂತಿದ್ದ. ಕರಾವಳಿಯಲ್ಲಿ ದೊಡ್ಡ ಶೈತ್ಯ ಯಂತ್ರಗಳಿರುವುದು ಮೀನಿಗೆ ಮಂಜುಗಡ್ಡೆ ಮಾಡುವ ಐಸ್ ಪ್ಲಾಂಟುಗಳಲ್ಲಿ. ಅಲ್ಲಿ ಬಳಸುವುದು ಅಮೋನಿಯಾ. ಅಮೋನಿಯಾ ತಾಮ್ರವನ್ನು ತಿನ್ನುತ್ತದೆ, ಆದ್ದರಿಂದ ಪೈಪುಗಳೆಲ್ಲ ಉಕ್ಕಿನವು. ಇವನ ಹಾಳೆಯ ಮೊದಲ ಸಾಲೇ 'ತಾಮ್ರದ ಪೈಪಿನ ಬೆಸುಗೆಯಲ್ಲಿ ನನ್ನನ್ನು ಮೀರಿಸುವವರಿಲ್ಲ' ಎಂದಿತ್ತು! ಆ ಸಾಲನ್ನು ಅವನೇ ಹೊಡೆದುಹಾಕಿದ. ನಲವತ್ತಮೂರನೇ ವಯಸ್ಸಿಗೆ, ತನಗಿಂತ ಹತ್ತು ವರ್ಷ ಕಿರಿಯನ ಕೈಕೆಳಗೆ ಸಹಾಯಕನಾಗಿ ಸೇರಿದ. ಗಂಧಕದ ಬತ್ತಿ ಹಚ್ಚಿ ಪೈಪಿನುದ್ದಕ್ಕೂ ಹಿಡಿದು, ಬಿಳಿ ಹೊಗೆ ಎದ್ದಲ್ಲಿ ಸೋರಿಕೆ ಇದೆ ಎಂದು ಕಂಡುಹಿಡಿಯುವುದನ್ನು ಕಲಿತ. 2021ರ ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧವಿದ್ದಾಗ ಯಂತ್ರಗಳನ್ನು ಪೂರ್ತಿ ಬಿಚ್ಚುತ್ತಾರೆ, ಅವನಿಗೆ ನಿಜವಾದ ಪಾಠವಾದದ್ದು ಆಗಲೇ. ಪುಸ್ತಕ ತೆರೆದು ನೋಡಿದರೆ, 'ನಾಲ್ಕು ತಿಂಗಳಲ್ಲಿ ಕಲಿಯುತ್ತೇನೆ. ಸಿಟ್ಟು ಬಂದು ಬಿಟ್ಟರೂ ಬಿಟ್ಟೇನು' ಎಂದು ಬರೆದಿದ್ದ. ಎರಡೂ ತಪ್ಪಾಗಿತ್ತು. ಕಲಿಯಲು ವರ್ಷ ಹಿಡಿಯಿತು, ಸಿಟ್ಟು ಬರಲಿಲ್ಲ. ತನ್ನ ಸಿಟ್ಟು ಕೆಲಸದ ಮೇಲಲ್ಲ, ಕೆಲಸವಿಲ್ಲದೆ ಕೂತದ್ದರ ಮೇಲೆ ಎಂದು ಅವನಿಗೇ ಹೊಳೆದದ್ದು ಆ ದಿನ.

ಮೂರನೆಯವನಿಗೆ ಹಾಳೆಯಿಂದ ದಾರಿ ಕಾಣಲಿಲ್ಲ. ಸಾವಿರಾರು ನಕ್ಷೆಗಳಲ್ಲಿ ಕೇಳಿದ್ದನ್ನು ಎರಡೇ ನಿಮಿಷದಲ್ಲಿ ತೆಗೆದುಕೊಡಬಲ್ಲ ಅವನಿಗೆ ನಮ್ಮೂರಿನಲ್ಲಿ ಹುಡುಕಿಕೊಡಲು ಏನಿತ್ತು? ಬಲ್ಲದ್ದನ್ನು ತಿಳಿದುಕೊಂಡರೆ ಸಾಲದು, ಅದನ್ನು ಬೇಕೆನ್ನುವವರು ಹತ್ತಿರದಲ್ಲಿರಬೇಕು. ಪ್ರಶ್ನಾವಳಿ ಮಾಡಿದವರಿಗೆ ಇದು ಹೊಳೆದಿರಲಿಕ್ಕಿಲ್ಲ. 2021ರ ಕೊನೆಗೆ ಅವನು ಕುಟುಂಬವನ್ನು ಇಲ್ಲೇ ಬಿಟ್ಟು ದಮ್ಮಾಮಿಗೆ ಹೋದ. ಅಡವಿಟ್ಟ ಚಿನ್ನ ಅವನದೇ ಮನೆಯದು. ಅದನ್ನು ಬಿಡಿಸಿದ್ದು ಆ ಸಂಬಳದಿಂದ.

ಅವನ ಹಾಳೆ ನಮ್ಮ ಬಳಿಯೇ ಇದೆ, ಮುಚ್ಚಿದ ಅಂಗಡಿಯ ಉದ್ರಿ ಪುಸ್ತಕದೊಳಗೆ. ಕಳೆದ ರಜೆಯಲ್ಲಿ ಬಂದಾಗ ಕೇಳಿ ತೆಗೆಸಿಕೊಂಡ. 'ಮಕ್ಕಳಿಗೆ ಪಾಠ ಹೇಳಿಕೊಡಲು ಬರುತ್ತದೆ' ಎಂದು ಆಗ ನಾವು ಸೇರಿಸಿದ್ದ ಸಾಲನ್ನು ಎರಡು ಸಲ ಓದಿದ. ಒಪ್ಪಲಿಲ್ಲ, ಹೊಡೆದುಹಾಕಲೂ ಇಲ್ಲ. ಮಡಚಿ ಪುಸ್ತಕದೊಳಗೇ ಇಟ್ಟು ಹೋದ.