ಮೂರನೆಯ ಬಟ್ಟಲು

ಪ್ರಯಾಣದಲ್ಲಿ ತಲುಪಬೇಕಾದ ಊರಿಗೆ ಸಲ್ಲುವ ಮರ್ಯಾದೆ ನಡುವೆ ತಂಗುವ ಊರಿಗೆ ಸಲ್ಲುವುದಿಲ್ಲ. ಹಿಂದೆ ಛತ್ರದಲ್ಲಿ ಇರುಳು ಕಳೆದವರು ಬೆಳಗಾಗುವುದರೊಳಗೆ ಆ ಊರನ್ನು ಮರೆಯುತ್ತಿದ್ದರು. ಇಂದು ವಿಮಾನದಲ್ಲಿ ಹಾರುವವರೂ ಅಷ್ಟೆ. ಅಡಿಸ್ ಅಬಾಬದಲ್ಲಿ ನಾನಿದ್ದುದು ಒಂದೇ ರಾತ್ರಿ. ಆದರೂ ಆ ಊರು ನನ್ನನ್ನು ಇನ್ನೂ ಬಿಟ್ಟಿಲ್ಲ.

2023ರ ಜುಲೈ ತಿಂಗಳು. ನೈರೋಬಿಯಲ್ಲಿ ನೆಲೆಸಿರುವ ನನ್ನ ಅಣ್ಣನಿಗೆ ಹೃದಯದ ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು. ತಂದೆ ತೀರಿಕೊಂಡ ಮೇಲೆ ನನ್ನನ್ನು ಎಂ.ಎ. ವರೆಗೆ ಓದಿಸಿದವನು ಅವನು. ಅವನನ್ನು ಒಳಗೆ ಕರೆದೊಯ್ಯುವ ಮುನ್ನ ಒಮ್ಮೆ ಅವನ ಕಣ್ಣೆದುರು ನಿಲ್ಲಬೇಕೆಂಬುದೊಂದೇ ನನ್ನ ಹಂಬಲ. ಮುಂಬಯಿಯಿಂದ ಹೊರಟ ನಾನು ಇಥಿಯೋಪಿಯದ ರಾಜಧಾನಿಯಲ್ಲಿ ಇರುಳು ಕಳೆದು, ಮರುದಿನ ಬೆಳಗಿನ ಎಂಟು ಗಂಟೆಯ ವಿಮಾನ ಹಿಡಿಯಬೇಕಾಗಿತ್ತು. ಅದು ತಪ್ಪಿದರೆ ಎಲ್ಲವೂ ತಪ್ಪಿದಂತೆ.

ಆಫ್ರಿಕವೆಂದೊಡನೆ ನಾವು ಸುಡುಬಿಸಿಲನ್ನು ಕಲ್ಪಿಸಿಕೊಳ್ಳುತ್ತೇವೆ. ಅಡಿಸ್ ಅಬಾಬವಾದರೋ ಸಮುದ್ರಮಟ್ಟದಿಂದ ಸುಮಾರು 2,350 ಮೀಟರು ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೂ ಅದಕ್ಕಿಂತ ನಾನೂರು ಮೀಟರು ಕೆಳಗೆ. ಸಮಭಾಜಕ ವೃತ್ತಕ್ಕೆ ಒಂಬತ್ತೇ ಡಿಗ್ರಿ ಸಮೀಪದ ಆ ಊರಿನ ಮಳೆ, ಮಂಜು, ಚಳಿಗಳು ಮಲೆನಾಡಿನ ಆಷಾಢವನ್ನು ನೆನಪಿಗೆ ತಂದವು. ಅಲ್ಲಿ ಗಾಳಿಯ ಒತ್ತಡ ಕಡಲತೀರದ ಮುಕ್ಕಾಲು ಪಾಲು ಮಾತ್ರ. ಪೆಟ್ಟಿಗೆ ಹಿಡಿದು ಹೊಟೇಲಿನ ಮೂರು ಅಂತಸ್ತು ಹತ್ತುವುದರೊಳಗೆ ಏದುಸಿರು ಬಂದು ಮೆಟ್ಟಿಲ ಮೇಲೆಯೇ ಕುಳಿತೆ. ಅಣ್ಣನಿಗೆ ತಿಂಗಳುಗಳಿಂದ ಹೀಗೆಯೇ ಆಗುತ್ತಿತ್ತಲ್ಲವೆ? ಪತ್ರದಲ್ಲಿ ಓದಿದ್ದ ಅವನ ಕಷ್ಟವನ್ನು ನನ್ನ ಎದೆ ಅಂದು ಓದಿತು.

ಕಿಟಕಿಯಾಚೆ ಎಂತೋತೊ ಬೆಟ್ಟದ ಸಾಲು ಮಸುಕಾಗಿ ಕಾಣುತ್ತಿತ್ತು. ಚಕ್ರವರ್ತಿ ಎರಡನೆಯ ಮೆನೆಲಿಕ್ ಮತ್ತು ರಾಣಿ ತೈತು 1886ರಲ್ಲಿ ಆ ಬೆಟ್ಟದ ಬುಡದಲ್ಲಿ ಈ ನಗರವನ್ನು ಕಟ್ಟಿಸಿದರು. ಊರಿನ ಹೆಸರಿಗೆ ‘ಹೊಸ ಹೂವು’ ಎಂದರ್ಥ. ಸೌದೆಯ ಬರಕ್ಕೆ ಪರಿಹಾರವಾಗಿ ಮೆನೆಲಿಕನ ಕಾಲದಲ್ಲಿ ಬಂದ ಆಸ್ಟ್ರೇಲಿಯದ ಮರ ಇಂದು ಬೆಟ್ಟವನ್ನೆಲ್ಲ ಆವರಿಸಿದೆ; ನಾವು ಅದನ್ನೇ ನೀಲಗಿರಿ ಮರವೆನ್ನುತ್ತೇವೆ.

ಹೊಟೇಲಿನ ತರುಣ ಗುಮಾಸ್ತ ಬೆಳಗಿನ ಕಾರಿನ ಚೀಟಿ ಬರೆದುಕೊಟ್ಟ. ನೋಡಿದರೆ ‘11 ಗಂಟೆ’! ನನ್ನ ಜೀವ ಹಾರಿತು. “ವಿಮಾನ ಎಂಟಕ್ಕಲ್ಲವೆ?” ಎಂದೆ. ಆತ ನಕ್ಕು, “ನಿಮ್ಮ ಐದು, ನಮ್ಮ ಹನ್ನೊಂದು, ಚಾಲಕನಿಗಾಗಿ ಬರೆದದ್ದು” ಎಂದ. ಅಲ್ಲಿ ದಿನ ಹುಟ್ಟುವುದು ನಡುರಾತ್ರಿಯಲ್ಲಿ ಅಲ್ಲ, ಸೂರ್ಯೋದಯದಲ್ಲಿ. ನಮ್ಮ ಏಳು ಗಂಟೆ ಅವರಿಗೆ ಒಂದು. ಉದಯದಿಂದ ಗಳಿಗೆ ಎಣಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ವಿಚಿತ್ರವಾಗಿ ತೋರುತ್ತಿರಲಿಲ್ಲ. ವರ್ಷದ ಲೆಕ್ಕವೂ ಬೇರೆಯೇ: ಮೂವತ್ತು ದಿನಗಳ ಹನ್ನೆರಡು ತಿಂಗಳು, ಉಳಿದ ಐದಾರು ದಿನಕ್ಕೆ ಹದಿಮೂರನೆಯದೊಂದು ಪುಟ್ಟ ತಿಂಗಳು. 2000ನೆಯ ವರ್ಷವನ್ನು ಅವರು ಸ್ವಾಗತಿಸಿದ್ದು ನಮ್ಮ 2007ರ ಸೆಪ್ಟೆಂಬರಿನಲ್ಲಿ.

ಚೀಟಿಯ ಮೇಲಿದ್ದ ಲಿಪಿಯನ್ನು ನಾನು ದಿಟ್ಟಿಸುತ್ತಿದ್ದುದನ್ನು ಕಂಡು ಆತ ಬರೆದು ಓದಿದ: “ಲೆ, ಲು, ಲಿ, ಲಾ, ಲೇ, ಲ್, ಲೋ.” ಕನ್ನಡದ ಮೇಷ್ಟರಿಗೆ ಇದಕ್ಕಿಂತ ಹೆಚ್ಚಿನ ಸತ್ಕಾರ ಬೇಕೆ? ಒಂದೊಂದು ಅಕ್ಷರಕ್ಕೂ ಏಳು ರೂಪ. ಕೊಂಬು ಗುಡಿಸುಗಳಂತೆ ಅಕ್ಷರದ ಮೈಗೇ ಸ್ವರ ಅಂಟಿಕೊಳ್ಳುತ್ತದೆ. ನಾನು ಪಕ್ಕದಲ್ಲಿ ನಮ್ಮ ಲಕಾರದ ಕಾಗುಣಿತವನ್ನು ಬರೆದೆ. ಇಬ್ಬರೂ ಒಂದೇ ಮರಳಿನ ಮೇಲೆ ತಿದ್ದಿದ ಹುಡುಗರಂತೆ ನಕ್ಕೆವು.

ಕೆಳಗಿನ ಕೋಣೆಯಲ್ಲಿ ಹಸಿರು ಹುಲ್ಲು ಹರಡಿ, ಧೂಪವಿಟ್ಟು, ಹಿರಿಯ ಹೆಂಗಸೊಬ್ಬಳು ಕಾಫಿಬೀಜ ಹುರಿಯುತ್ತಿದ್ದಳು. ಹುರಿದುದನ್ನು ಕುಟ್ಟಿ, ‘ಜೆಬೆನ’ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸಿದಳು. ಬಾಬಾಬುಡನ್ ಅವರು ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣದಲ್ಲಿ ನೆಟ್ಟರೆಂಬ ಐತಿಹ್ಯ ನಮ್ಮಲ್ಲಿ ಯಾರಿಗೆ ತಿಳಿಯದು? ಆದರೆ ಮೋಖಾ ಇರುವುದು ಯೆಮನ್ ದೇಶದಲ್ಲಿ. ಗಿಡದ ತವರು ಕೆಂಪುಸಮುದ್ರದ ಈಚೆಯ ಇಥಿಯೋಪಿಯದ ಕಾಡು. ನಮ್ಮ ಮನೆಯ ಕಾಫಿಗೆ ಅಜ್ಜಿಯಾದವಳ ಮುಂದೆ ನಾನು ಕುಳಿತಿದ್ದೆ.

ಎರಡು ಬಟ್ಟಲಾದ ಮೇಲೆ, ಬೇಗ ಏಳಬೇಕೆಂದು ಮೇಲೆದ್ದೆ. ಗುಮಾಸ್ತ ಅವಳಿಗೆ ಅಣ್ಣನ ವಿಷಯ ಹೇಳಿರಬೇಕು. ಆಕೆ ತೋಳು ಹಿಡಿದು ಕೂರಿಸಿದಳು. ಮೊದಲ ಬಟ್ಟಲು ‘ಅಬೋಲ್’, ಎರಡನೆಯದು ‘ತೋನ’, ಮೂರನೆಯದು ‘ಬೆರೆಕ’. ಅಂದರೆ ಹರಕೆ, ಆಶೀರ್ವಾದ. “ಅದನ್ನು ಕುಡಿಯದೆ ರೋಗಿಯ ಬಳಿಗೆ ಹೋಗುವುದೆ?” ಎಂದು ಆಕೆ ಕೇಳಿದಳೆಂದು ತರುಣ ತಿಳಿಸಿದ. ನಾನು ದೈವಭಕ್ತನೆಂದು ಹೇಳಿಕೊಳ್ಳುವವನಲ್ಲ. ಆದರೆ ಆ ತೆಳುವಾದ, ಬಿಸಿಯಾದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ತೀರ್ಥದಂತೆ ಕುಡಿದೆ.

ಅವರ ಹನ್ನೊಂದಕ್ಕೆ ಸರಿಯಾಗಿ ಕಾರು ಬಂದಿತು. ಮಧ್ಯಾಹ್ನಕ್ಕೆ ಮುಂಚೆ ನಾನು ನೈರೋಬಿಯ ಆಸ್ಪತ್ರೆಯಲ್ಲಿದ್ದೆ. ಮಂಚದ ಮೇಲಿಂದ ಅಣ್ಣ ಕೇಳಿದ: “ದಾರಿಯಲ್ಲಿ ತೊಂದರೆಯಾಯಿತೇನೋ? ಊಟ ಗೀಟ ಸಿಕ್ಕಿತೆ?”

ಗಂಟಲು ಕಟ್ಟಿತ್ತು. “ಕಾಫಿ ಚೆನ್ನಾಗಿತ್ತು, ಅಣ್ಣ” ಎಂದೆ. ಎರಡು ವಾರದ ಬಳಿಕ, ವೈದ್ಯರ ಅಪ್ಪಣೆ ಪಡೆದು, ಅವನಿಗೆ ನಾನೇ ಅರ್ಧ ಲೋಟ ಕಾಫಿ ಮಾಡಿಕೊಟ್ಟೆ.