ಅಪ್ಪನ ಯೆಜ್ಡಿ, ಕಾದ ಎಂಜಿನ್



ಭಾನುವಾರ ನಾನು ಹಾಕಿದ ಫೋಟೋ ನೋಡಿ ಸುಮಾರು ಜನ "ಅಕ್ಕ, ಇದ್ಯಾವ ಹೊಸ ಹುಚ್ಚು?" ಅಂತ ಕೇಳಿದ್ದೀರಿ. ಒಬ್ಬರಂತೂ "ಹೋರಾಟ ಬಿಟ್ಟು ಗ್ಯಾರೇಜ್ ಇಟ್ರಾ?" ಅಂದಿದ್ದಾರೆ. ಎರಡೂ ಅಲ್ಲ. ಅದು ನಮ್ಮಪ್ಪನ ಗಾಡಿ. ಯೆಜ್ಡಿ ರೋಡ್‌ಕಿಂಗ್, 1981ರ ಮಾಡೆಲ್. ಅಪ್ಪ 2011ರಲ್ಲಿ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ತುಕ್ಕು ತಿಂದು ಬಿದ್ದಿದ್ದ ಆ ಗಾಡಿಯನ್ನು ಏಳು ತಿಂಗಳು ಮನೆಮಂದಿಯೆಲ್ಲ ಸೇರಿ ರಿಪೇರಿ ಮಾಡಿ ಓಡೋ ಹಾಗೆ ಮಾಡಿದ್ದೇವೆ. ಗಾಡಿ ಬಿಚ್ಚಿದಾಗ ಇನ್ನೊಂದು ವಿಷಯವೂ ಹೊರಗೆ ಬಂತು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ, ಸಹಿಸಿಕೊಳ್ಳಿ.

ಮೈಸೂರಿನವರಿಗೆ ಯೆಜ್ಡಿ ಬಗ್ಗೆ ನಾನು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಒಂದೆರಡು ಮಾತು. ಐಡಿಯಲ್ ಜಾವಾ ಕಂಪನಿ 1961ರಿಂದ ನಮ್ಮ ಯಾದವಗಿರಿಯ ಫ್ಯಾಕ್ಟರಿಯಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರು ಮಾಡ್ತಿತ್ತು. ಎಪ್ಪತ್ತರ ದಶಕದಲ್ಲಿ ಗಾಡಿ ಹೆಸರು ಯೆಜ್ಡಿ ಅಂತಾಯ್ತು, 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ಕರೂ ಅದೇ, ಮಡಚಿದರೆ ಗೇರೂ ಅದೇ. 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿತು. ಈಗ ಬೇರೆ ಕಂಪನಿಯವರು ಅದೇ ಹೆಸರಲ್ಲಿ ಹೊಸ ಗಾಡಿ ಬಿಟ್ಟಿದ್ದಾರೆ, ಹಳೇದಕ್ಕೆ ಶೋಕಿದಾರರು ಕೇಳಿದಷ್ಟು ಕೊಡ್ತಾರೆ. ನಮ್ಮ ಮನೆಗೂ ಒಬ್ಬರು ಬಂದಿದ್ರು. ಅದಕ್ಕೂ ಮುಂಚೆ ಗುಜರಿಯವನು ಬಂದು ತೂಕಕ್ಕೆ ಕೇಳಿದ್ದ. ಇಬ್ಬರಿಗೂ ಅವ್ವ ಹೇಳಿದ್ದು ಒಂದೇ ಮಾತು: "ಇರ್ಲಿ ಬುಡಿ."

ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ನಮ್ಮೂರು ಮೈಸೂರಿಂದ ನಲವತ್ತು ಕಿಲೋಮೀಟರ್. ಅಲ್ಲಿಂದ ಇನ್ನೂ ಹದಿನಾಲ್ಕು ಕಿಲೋಮೀಟರ್ ಆಚೆ ಅಪ್ಪನ ಸ್ಕೂಲು. 1985ರಲ್ಲಿ ಸೊಸೈಟಿ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಯೆಜ್ಡಿ ತಂದ. ನಮ್ಮ ಕೇರಿಗೆ ಬಂದ ಮೊದಲ ಮೋಟಾರ್ ಸೈಕಲ್ಲು. ನನಗಾಗ ಆರು ವರ್ಷ. ಸಂಜೆ ನಾನು ಬಸ್ ರೋಡಿಗೆ ಹೋಗಿ ಕಾಯ್ತಾ ನಿಂತರೆ ಅಪ್ಪ ಎತ್ತಿ ಟ್ಯಾಂಕ್ ಮೇಲೆ ಕೂರಿಸಿಕೊಳ್ಳುತ್ತಿದ್ದ. ಟ್ಯಾಂಕು ಬೆಚ್ಚಗಿರ್ತಿತ್ತು, ಪೆಟ್ರೋಲ್ ವಾಸನೆ ಬರ್ತಿತ್ತು.

ನಮ್ಮ ಕೇರಿಗೆ ಹೋಗಬೇಕಂದ್ರೆ ಊರಿನ ಬೀದಿ ದಾಟಬೇಕು. ಅರಳಿಕಟ್ಟೆ ಹತ್ತಿರ ಬಂದ ತಕ್ಷಣ ಅಪ್ಪ ಎಂಜಿನ್ ಆಫ್ ಮಾಡಿ ಇಳಿದುಬಿಡ್ತಿದ್ದ. ಅಲ್ಲಿಂದ ಮಾರಿಗುಡಿ ದಾಟಿ ಕೇರಿ ಸಿಗೋವರೆಗೂ ತಳ್ಳಿಕೊಂಡು ಬರ್ತಿದ್ದ. ನಾನು ಟ್ಯಾಂಕ್ ಮೇಲೇ ಕೂತಿರ್ತಿದ್ದೆ. "ಯಾಕಪ್ಪ ಇಳ್ದೆ?" ಅಂತ ಕೇಳಿದ್ರೆ, "ಎಂಜಿನ್ ಕಾದದೆ ಮಗ, ತಣ್ಣಗಾಗ್ಲಿ" ಅಂತಿದ್ದ.

ಬೆಳಿಗ್ಗೆ ಹೋಗುವಾಗಲೂ ತಳ್ಳಿಕೊಂಡೇ ಹೋಗ್ತಿದ್ದ. ಆಗ "ಎಂಜಿನ್ ತಣ್ಣಗದೆ, ಇಲ್ಲಿ ಸ್ಟಾರ್ಟ್ ಆಗಲ್ಲ, ರೋಡಲ್ಲಿ ಮಾಡ್ಕತೀನಿ" ಅಂತಿದ್ದ. ಸಂಜೆ ಕಾದಿದ್ದಕ್ಕೆ, ಬೆಳಿಗ್ಗೆ ಕಾಯದೇ ಇದ್ದದ್ದಕ್ಕೆ. ಈಗ ಬರೀವಾಗ ನಗು ಬರ್ತದೆ. ಆರು ವರ್ಷದ ನಾನು ನಂಬಿದೆ. ಸರಿ, ಮಗು. ಆದರೆ ನಲವತ್ತಾರು ವರ್ಷದ ನಾನೂ ಅದನ್ನೇ ನಂಬಿಕೊಂಡಿದ್ದೆ ನೋಡಿ, ಅದನ್ನು ಏನನ್ನಬೇಕೋ ಗೊತ್ತಿಲ್ಲ.

ಊರ ಮನೆಯ ಸೂರು ಕುಸಿದಾಗ ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಮೈಸೂರಿಗೆ ತಂದಿದ್ವಿ. ನಮ್ಮ 20–30 ಸೈಟಿನ ಮನೆಯ ಹಿಂದಿನ ಓಣಿಯಲ್ಲಿ ಟಾರ್ಪಾಲು ಹೊದ್ದುಕೊಂಡು ನಿಂತಿತ್ತು. ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ಮಗಳು ಒಂದು ದಿನ ಟಾರ್ಪಾಲು ಎತ್ತಿ, "ಅಮ್ಮ, ಇದನ್ನ ನಾವೇ ಯಾಕೆ ರೆಡಿ ಮಾಡಬಾರದು?" ಅಂದಳು. ನಾನು ಗುಮಾಸ್ತೆ. ನನಗೆ ಗೊತ್ತಿರೋದು ಫೈಲು. ಆದರೂ ಹೂಂ ಅಂದೆ. ಖರ್ಚು ಬರೆಯೋಕೆ ಒಂದು ನೋಟ್‌ಬುಕ್ ಇಟ್ಟೆ, ಅಷ್ಟೇ ನನ್ನ ಅರ್ಹತೆ.

ಮಗಳು ಒಂದೊಂದು ಬೋಲ್ಟ್ ಬಿಚ್ಚೋ ಮುಂಚೆಯೂ ಮೊಬೈಲಲ್ಲಿ ಫೋಟೋ ತೆಗೆದುಕೊಂಡಳು. ಎಷ್ಟೋ ಬೋಲ್ಟ್‌ಗಳು ಮಿಸುಕಲೇ ಇಲ್ಲ, ಡೀಸೆಲ್ ಬಿಟ್ಟು ರಾತ್ರಿಯೆಲ್ಲ ನೆನೆಸಬೇಕಾಯ್ತು. ಟ್ಯಾಂಕಿನೊಳಗೆ ಒಂದು ಹಿಡಿ ಸಣ್ಣ ನಟ್ಟುಗಳನ್ನೂ ಅರ್ಧ ಲೀಟರ್ ಡೀಸೆಲ್ಲನ್ನೂ ಹಾಕಿ, ನಮ್ಮನೆಯವರೂ ಮಗಳೂ ಆ ಕಡೆ ಈ ಕಡೆ ಹಿಡಿದು ಕೇರಿದ ಹಾಗೆ ಅಲ್ಲಾಡಿಸಿದರು. ಹೊರಗೆ ಬಂದದ್ದು ರಾಗಿ ಅಂಬಲಿ ಥರದ ತುಕ್ಕು. ಪಕ್ಕದ ಮನೆಯವರು ಬಂದು "ಏನ್ರೀ ಶಬ್ದ?" ಅಂತ ಕೇಳಿಹೋದರು. ವೈರಿಂಗ್ ಪೂರ್ತಿ ನನ್ನ ತಮ್ಮನದು. ಅವನು ಮನೆ ವೈರಿಂಗ್ ಮಾಡೋನು, "ಇದು ನಮ್ಮ ಲೈನಲ್ಲ ಅಕ್ಕ" ಅಂತ ಗೊಣಗಿಕೊಂಡೇ ನಾಲ್ಕು ಭಾನುವಾರ ಕೂತ.

ಸೀಟು ಚಿಕ್ಕಪ್ಪ ಹೊಲಿದರು. ಚಿಕ್ಕಪ್ಪ ಮೆಟ್ಟು ಹೊಲಿಯೋದು ಬಿಟ್ಟು ಇಪ್ಪತ್ತು ವರ್ಷದ ಮೇಲಾಯ್ತು. ಬಿಡಬೇಕು ಅಂತ ಅವರ ಮುಂದೆ ಭಾಷಣ ಮಾಡಿದವರಲ್ಲಿ ನಾನೂ ಒಬ್ಬಳು. ರೆಕ್ಸಿನ್ ತಂದುಕೊಟ್ಟಾಗ ಏನೂ ಮಾತಾಡದೆ ಚೀಲದಿಂದ ದಬ್ಬಳ ತೆಗೆದರು. ದಬ್ಬಳವನ್ನ ಬಿಸಾಡಿರಲಿಲ್ಲ ಅನ್ನೋದು ನನಗೆ ಆವತ್ತೇ ಗೊತ್ತಾಗಿದ್ದು. ದಾರಕ್ಕೆ ಮೇಣ ಉಜ್ಜಿ ಎರಡೂ ತುದಿಯಿಂದ ಹೊಲಿಯೋದನ್ನ ಮಗಳು ಬಿಟ್ಟ ಕಣ್ಣು ಬಿಟ್ಟಂಗೆ ನೋಡ್ತಿದ್ದಳು. "ತಾತ, ನಂಗೂ ಹೇಳ್ಕೊಡಿ" ಅಂದಳು. "ನೋಡು. ಕಲೀಬ್ಯಾಡ" ಅಂದರು. ಇದರ ಬಗ್ಗೆ ಇನ್ನೊಂದು ದಿನ ಬರೀತೀನಿ, ನನ್ನೊಳಗೇ ಇನ್ನೂ ಇತ್ಯರ್ಥ ಆಗಿಲ್ಲ.

ದೊಡ್ಡ ತಲೆನೋವು ಎಂಜಿನ್ನು. ಪಿಸ್ಟನ್ ಕಚ್ಚಿಕೊಂಡು ನಿಂತಿತ್ತು, ಕಿಕ್ಕರ್ ಕೆಳಗೇ ಹೋಗ್ತಿರಲಿಲ್ಲ. ಪ್ಲಗ್ ತೆಗೆದು ಆ ತೂತಿನೊಳಗೆ ಡೀಸೆಲ್ಲೂ ಆಯಿಲ್ಲೂ ಬೆರೆಸಿ ಬಿಟ್ವಿ. ದಿನಾ ಆಫೀಸಿಂದ ಬಂದು ಬ್ಯಾಗ್ ಇಟ್ಟು, ಸೀರೆ ಸಿಕ್ಕಿಸಿಕೊಂಡು, ಮೈಭಾರವೆಲ್ಲ ಬಿಟ್ಟು ಕಿಕ್ಕರ್ ಒತ್ತುತ್ತಿದ್ದೆ. ಹನ್ನೊಂದು ದಿನ ಏನೂ ಇಲ್ಲ. ಹನ್ನೆರಡನೇ ದಿನ ಕರ್ರ್ ಅಂತ ಒಂದಿಷ್ಟು ಇಳೀತು. ಆವತ್ತು ನಮ್ಮನೇಲಿ ಕೂಗಾಡಿದ್ದು ನೋಡಬೇಕಿತ್ತು ನೀವು.

ಆಮೇಲೆ ಚಾಚಾನ ಕರೆದುಕೊಂಡು ಬಂದ್ವಿ. ಜಾವಾ ಫ್ಯಾಕ್ಟರಿ ಮುಚ್ಚೋವರೆಗೂ ಅಲ್ಲೇ ಕೆಲಸ ಮಾಡಿದ್ದವರು. ಹೆಡ್ ಬಿಚ್ಚಿ, ಸಿಲಿಂಡರ್ ಎತ್ತಿ, ಒಳಗೆ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿದರು. ನಾನು ನನ್ನ ಜ್ಞಾನ ತೋರಿಸೋಕೆ, "ಚಾಚಾ, ಈ ಗಾಡಿಗೆ ಮೊದಲಿಂದಲೂ ಎಂಜಿನ್ ಕಾಯೋ ತೊಂದರೆ ಇತ್ತು. ದಿನಾ ನಮ್ಮಪ್ಪ ಊರೊಳಗೆ ಆಫ್ ಮಾಡಿ ತಳ್ಳಿಕೊಂಡೇ ಬರಬೇಕಾಗಿತ್ತು" ಅಂದೆ.

ಚಾಚಾ ಬೆರಳು ಒಳಗಾಡಿಸಿದರು. "ಇಲ್ಲಮ್ಮ. ಕಾದು ಕಾದು ನಿಲ್ಲೋ ಗಾಡಿ ಆಗಿದ್ರೆ ಇಲ್ಲಿ ಉದ್ದುದ್ದ ಗೀರು ಇರ್ಬೇಕು. ಪಿಸ್ಟನ್ ಮೇಲೂ ಇರ್ಬೇಕು. ಇದು ಬೋರಿಂಗ್ ಕೂಡ ಆಗಿಲ್ಲ, ಕಂಪನಿಯಿಂದ ಬಂದಂಗೇ ಅದೆ. ಕಾಣ್ತಿರೋದು ನಿಂತು ಹಿಡಿದ ತುಕ್ಕು, ಓಡಿ ಬಿದ್ದ ಗೀರಲ್ಲ. ನಿಮ್ಮಪ್ಪ ಭಾಳ ಚೆನ್ನಾಗಿ ಇಟ್ಟಿದ್ರು."

ಅವ್ವ ಅಲ್ಲೇ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿಗೆ ಕಲ್ಲುಪ್ಪು ಹಾಕಿ ತೆಂಗಿನ ನಾರಲ್ಲಿ ಚಕ್ರದ ರಿಮ್ ಉಜ್ಜುತ್ತಿದ್ದಳು. ಮಗಳು ತುಕ್ಕು ತೆಗೆಯೋ ಲಿಕ್ವಿಡ್ ತರ್ತೀನಿ ಅಂದಿದ್ದಕ್ಕೆ "ತಂಬಿಗೆ ಕಿಲುಬು ಹೋಯ್ತದೆ, ಇದು ಹೋಗ್ದೆ ಇರ್ತದಾ?" ಅಂದಿದ್ದಳು. ನಾನು ಅವಳ ಕಡೆ ತಿರುಗಿದೆ. ಅವಳು ತಲೆ ಎತ್ತಲಿಲ್ಲ. ಚಾಚಾ ಹೋದ ಮೇಲೆ ಹತ್ತಿರ ಹೋಗಿ ಕೂತೆ.

"ಎಲ್ಲಿ ಕಾಯ್ತಿತ್ತು," ಅಂದಳು. ರಿಮ್ ಉಜ್ಜೋದು ನಿಲ್ಲಿಸಲಿಲ್ಲ. "ಗಾಡಿ ತಂದ ಎಲ್ಡ್ನೇ ದಿಸ್ವೇ ಕಟ್ಟೆ ಮ್ಯಾಲಿದ್ದವ್ರು ನಿಲ್ಲಿಸ್ಕಂಡ್ರು. ಬಯ್ನಿಲ್ಲ, ಹೊಡೀನಿಲ್ಲ. ಮೇಷ್ಟ್ರೇ ಅಂತ್ಲೇ ಅಂದ್ರು. ಮೇಷ್ಟ್ರೇ, ಗಾಡಿ ಚೆನ್ನಾಗದೆ, ನಮ್ ಮುಂದೆ ಕುಂತ್ಕಂಡು ಹೋಗ್ಬ್ಯಾಡಿ ಅಷ್ಟೇಯ, ಅಂದ್ರು."

ಯಾಕೆ ನನಗೆ ಹೇಳಲಿಲ್ಲ ಅಂತ ಕೇಳಿದೆ. "ಹೇಳ್ಬ್ಯಾಡ ಅಂದಿದ್ರು. ಮಗೀಗೆ ಗೊತ್ತಾಗೋದು ಬ್ಯಾಡ ಅಂದ್ರು." ಸ್ವಲ್ಪ ಹೊತ್ತು ಬಿಟ್ಟು ಅವಳೇ ಅಂದಳು: "ನಿನ್ನ ಮಾತ್ರ ಇಳುಸ್ತಿರ್ನಿಲ್ಲ. ಒಂದ್ಸಲ ಅವ್ರು, ಮಗೀನೂ ಇಳ್ಸಿ ಮೇಷ್ಟ್ರೇ ಅಂದ್ರಂತೆ. ಕಿವಿ ಕೇಳ್ಸದವ್ರಂಗೆ ತಳ್ಕಂಡು ಬಂದ್ಬುಟ್ರು. ಆವತ್ತು ಉಣ್ನಿಲ್ಲ."

ಅಂದರೆ ಆ ಬೀದಿಯಲ್ಲಿ ನಮ್ಮ ಕೇರಿಯಿಂದ ಗಾಡಿ ಮೇಲೆ ಕೂತು ಹೋದ ಒಂದೇ ಜೀವ ನಾನು.

ಗೆಳೆಯರೇ, ನಿಮಗೆಲ್ಲ ಗೊತ್ತಿದೆ, ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಗಿ 2016ರ ಜನವರಿ 26ರಿಂದ ಜಾರಿಗೆ ಬಂತು. ಅದರಲ್ಲಿ ಕಲಂ 3(1)(ಜೆಡ್‌ಎ) ಇದೆ. ನಮ್ಮವರು ಸಾರ್ವಜನಿಕ ಜಾಗದಲ್ಲಿ ಸೈಕಲ್, ಮೋಟಾರ್ ಸೈಕಲ್ ಹತ್ತೋದನ್ನ, ಓಡಿಸೋದನ್ನ, ಚಪ್ಪಲಿ ಮೆಟ್ಟೋದನ್ನ, ಹೊಸ ಬಟ್ಟೆ ಹಾಕೋದನ್ನ ತಡೆದರೆ ಅಪರಾಧ. ಪಾರ್ಲಿಮೆಂಟು ಅಷ್ಟು ಬಿಡಿಸಿ ಬರೀಬೇಕಾಯ್ತು ಅಂದ್ರೆ ಎಷ್ಟು ಊರಲ್ಲಿ ಎಷ್ಟು ಗಾಡಿಗಳು ಕಾದಿರಬೇಕು ಯೋಚನೆ ಮಾಡಿ. ಆ ಕಲಂ ಹಾಕಿ ನಾನೇ ಕೂತು ದೂರು ಟೈಪ್ ಮಾಡಿಕೊಟ್ಟಿದ್ದೀನಿ. 1929ರಲ್ಲಿ ಚಾಳೀಸಗಾಂವ್‌ನಲ್ಲಿ ಟಾಂಗಾದವರು ಬಾಬಾಸಾಹೇಬರನ್ನ ಕೂರಿಸಿಕೊಂಡು ಓಡಿಸಲ್ಲ ಅಂದದ್ದು, ಗಾಡಿ ಹೊಡೆದು ಅಭ್ಯಾಸವಿಲ್ಲದ ನಮ್ಮವರೊಬ್ಬರು ಹೊಡೆಯೋಕೆ ಹೋಗಿ ಅಪಘಾತವಾಗಿ ಅವರ ಕಾಲು ಮುರಿದದ್ದು, ಎಲ್ಲ ವೇದಿಕೆ ಮೇಲೆ ಹೇಳಿದ್ದೀನಿ. ಮನೆಯೊಳಗಿನ ಗಾಡಿ ಯಾಕೆ ನಿಲ್ತಿತ್ತು ಅಂತ ಮಾತ್ರ ಕೇಳಲಿಲ್ಲ.

ಇನ್ನೊಂದು ಹೇಳಲೇಬೇಕು. ಬಿಎ ಓದುವಾಗ ಸಂಘಟನೆಗೆ ಸೇರಿದ ಹೊಸದರಲ್ಲಿ ಅಪ್ಪನ ಜೊತೆ ಜಗಳ ಆಡಿದ್ದೆ. "ಮೇಷ್ಟ್ರಾಗಿ ಆ ಊರಲ್ಲಿ ನೀನು ಏನು ಕಿತ್ತೆ? ಒಂದು ದಿನ ತಲೆ ಎತ್ತಿ ಮಾತಾಡಿದ್ದೀಯಾ?" ಇದೇ ಮಾತು ಅಂದಿದ್ದೆ. ಅಪ್ಪ ಏನೂ ಹೇಳದೆ ಹಿತ್ತಿಲಿಗೆ ಹೋಗಿ ಗಾಡಿ ಒರೆಸುತ್ತಾ ನಿಂತ. ಉತ್ತರ ಇಲ್ಲ ಅದಕ್ಕೇ ಹೋದ ಅಂದುಕೊಂಡಿದ್ದೆ.

ನೋಟ್‌ಬುಕ್ಕಿನ ಲೆಕ್ಕ ಹೇಳಿಬಿಡ್ತೀನಿ, ಕೇಳಿದವರಿದ್ದಾರೆ: ಒಟ್ಟು 41,350 ರೂಪಾಯಿ. ಟಯರ್ರು, ಚೈನ್ ಸೆಟ್ಟು, ಪಿಸ್ಟನ್ ರಿಂಗು, ಪೇಂಟು ಎಲ್ಲ ಸೇರಿ. ಚಾಚಾ ಕೂಲಿ ಅರ್ಧ ಮಾತ್ರ ತೊಗೊಂಡರು. ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇದೆ, ನನ್ನ ಹೆಸರಿಗೆ ಮಾಡಿಸಿ ನವೀಕರಣ ಆಗೋವರೆಗೂ ಊರಿಗೆ ತೊಗೊಂಡು ಹೋಗೋ ಹಾಗಿಲ್ಲ. "ಯಾವಾಗ ಆ ಬೀದೀಲಿ ಓಡಿಸ್ತೀರಿ, ನಾವೆಲ್ಲ ಬರ್ತೀವಿ" ಅಂತ ಸಂಗಾತಿಗಳು ಕೇಳ್ತಿದ್ದಾರೆ. ಅವ್ವನನ್ನ ಕೇಳಬೇಕು. ಅದು ಅವಳ ಬೀದಿ ಕೂಡ.

ಶನಿವಾರ ಸಂಜೆ ಲೀಟರಿಗೆ 40 ಎಂಎಲ್ ಲೆಕ್ಕದಲ್ಲಿ ಆಯಿಲ್ ಬೆರೆಸಿ ಪೆಟ್ರೋಲ್ ತುಂಬಿಸಿದ್ವಿ. ನಾಲ್ಕನೇ ಕಿಕ್ಕಿಗೆ ಹಿಡೀತು. ಓಣಿ ತುಂಬ ಹೊಗೆ. ಮಗಳು ಕಿರುಚಿದಳು, ತಮ್ಮ ಕಣ್ಣೊರೆಸಿಕೊಂಡ, ಹೊಗೆಗೆ ಅಂತ ಹೇಳಿದ. ಲೇಔಟ್ ಒಳಗೇ ಒಂದು ರೌಂಡ್ ಅಂತ ಅವ್ವನನ್ನ ಹಿಂದೆ ಕೂರಿಸಿಕೊಂಡೆ. ಎಪ್ಪತ್ತೆರಡು ವರ್ಷ ಅವಳಿಗೆ. ಒಂದು ಕೈ ನನ್ನ ಭುಜದ ಮೇಲೆ, ಒಂದು ಕೈ ಚಿಕ್ಕಪ್ಪನ ಹೊಲಿಗೆ ಮೇಲೆ.

ಮೂರನೇ ಕ್ರಾಸಲ್ಲಿ ಗಣೇಶನ ಗುಡಿ. ಅದರ ಕಟ್ಟೆ ಮೇಲೆ ಸಂಜೆ ಹೊತ್ತು ನಾಲ್ಕೈದು ಗಂಡಸರು ಪೇಪರ್ ಹಿಡಿದು ಕೂತಿರ್ತಾರೆ. ಪಾಪ, ಅವರು ಯಾರೋ, ನಾವ್ಯಾರೋ. ಗುಡಿ ಹತ್ತಿರ ಬರ್ತಿದ್ದ ಹಾಗೇ ಭುಜದ ಮೇಲಿದ್ದ ಕೈ ಎರಡು ಸಲ ತಟ್ಟಿತು. "ನಿಲ್ಸವ್ವ, ಇಳ್ದು ನಡ್ಕಂಡು ಬತ್ತೀನಿ."

"ಎಂಜಿನ್ ಕಾದಿಲ್ಲ ಕಣವ್ವ" ಅಂದೆ. ಎರಡು ಸೈಲೆನ್ಸರ್ ಶಬ್ದದಲ್ಲಿ ಕೇಳಿಸಿತೋ ಇಲ್ಲವೋ. ಸೆಕೆಂಡ್ ಗೇರಲ್ಲೇ ಕಟ್ಟೆ ದಾಟಿದೆ. ಯಾರೂ ಪೇಪರಿಂದ ತಲೆ ಎತ್ತಲಿಲ್ಲ. ಒಬ್ಬರು ಎತ್ತಿದರು, ಗಾಡಿ ನೋಡಿ ನಕ್ಕು ಹೆಬ್ಬೆರಳು ತೋರಿಸಿದರು.

ಮನೆಗೆ ಬಂದು ಇಳಿದ ಮೇಲೆ ಅವ್ವ ಸೀರೆ ಅಂಚು ತಿರುಗಿಸಿ ನೋಡಿಕೊಂಡಳು. ಸೈಲೆನ್ಸರಿಂದ ಆಯಿಲ್ ಚುಕ್ಕೆ ಹಾರಿತ್ತು. ಒಗೆದರೂ ಹೋಗಲ್ಲ, ಒಳ್ಳೇ ಸೀರೆ ಹಾಳು ಮಾಡಿದೆ ಅಂತ ರಾತ್ರಿ ಊಟದವರೆಗೂ ಬೈದಳು.